ನಲವತ್ತೊಂದು ಮಿಗಿಲು ದಿನಗಳು

ವರ್ಷಕ್ಕೊಂದು ಸಲ 'ಹೂಂ' ಅನ್ನುವುದು ನಮ್ಮ ಊರಿನಲ್ಲಿ ನನಗಿರುವ ಕೆಲಸ. ಉಳಿದ ದಿನಗಳಲ್ಲಿ ಹಳೆಯ ಪುಸ್ತಕಗಳಿಗೆ ರಟ್ಟು ಕಟ್ಟುತ್ತೇನೆ.

ನಾಡಿನ ವರ್ಷ ಮುಗಿಯುವುದು ನಮ್ಮ ಊರಿನಲ್ಲಿ. ಕೊನೆಯ ದಿನ ಮಧ್ಯಾಹ್ನ ಚಾವಡಿಯ ಮುಂದೆ ಜಮಖಾನ ಹಾಸುತ್ತಾರೆ. ಗವಿಯಪ್ಪ ಮೇಷ್ಟ್ರು ತಾವು ಕಟ್ಟಿದ ವರ್ಷದ ಪದ್ಯಗಳನ್ನು ರಾಗವಾಗಿ ಓದುತ್ತಾರೆ. ಯಾರು ಆಡಳಿತಕ್ಕೆ ಬಂದರು, ಯಾರು ಇಳಿದರು, ಆಟದ ಬಯಲಿನಲ್ಲಿ ಯಾರು ಗೆದ್ದರು, ಯಾವ ಹಾಡುಗಾರರು ಹೋದರು, ಎಲ್ಲವೂ ಅದರಲ್ಲಿ ಇರುತ್ತದೆ. ಕೊನೆಯ ಪದ್ಯದಲ್ಲಿ ವರ್ಷಕ್ಕೊಂದು ಹೆಸರು. ಎದುರಿಗೆ ಮಣೆಯ ಮೇಲೆ ಕೂತ ನಾನು ಎಲ್ಲವನ್ನೂ ಕೇಳಿ ಹೂಂ ಅಂದರೆ ವರ್ಷ ಮುಗಿಯಿತು. ಮರುದಿನ ಹೊಸ ವರ್ಷ. ಅನ್ನದಿದ್ದರೆ ಮರುದಿನವೂ ಕೊನೆಯ ದಿನವೇ. ಅಂಥ ದಿನಕ್ಕೆ ನಾವು ಮಿಗಿಲು ಅನ್ನುತ್ತೇವೆ. ಕ್ಯಾಲೆಂಡರ್ ಅಚ್ಚು ಹಾಕುವವರು ಕೊನೆಯಲ್ಲಿ ಐದು ಖಾಲಿ ಹಾಳೆ ಸೇರಿಸಿಯೇ ಹೊಲಿಯುತ್ತಾರೆ. ಸಾಮಾನ್ಯವಾಗಿ ಒಂದೆರಡು ಹಾಳೆ ಖರ್ಚಾಗುತ್ತವೆ. ನನಗಿಂತ ಹಿಂದಿನವರ ಕಾಲದಲ್ಲಿ ಒಮ್ಮೆ ಹನ್ನೊಂದು ಮಿಗಿಲು ಬಂದಿದ್ದವಂತೆ. ಅದನ್ನು ಜನ ಬಿರುಗಾಳಿಯ ಹಾಗೆ ನೆನೆಯುತ್ತಾರೆ.

ನಾನು ಹೇಳಹೊರಟಿರುವುದು ನಲವತ್ತೊಂದು ಮಿಗಿಲು ಬಂದ ವರ್ಷದ ಕಥೆ. ತಪ್ಪು ನನ್ನದು.

ಕೇಳುವುದನ್ನು ನನಗೆ ಕಲಿಸಿದವಳು ನಮ್ಮಕ್ಕ, ಚಂಪಕ್ಕ. ನಮ್ಮ ತಂದೆ ಗುಡಿಯಲ್ಲಿ ಕಾವ್ಯ ಓದುತ್ತಿದ್ದರು. ಅಕ್ಕನಿಗೆ ಅವೆಲ್ಲ ಬಾಯಿಗೆ ಬಂದಿದ್ದವು. ರೊಟ್ಟಿ ತಟ್ಟುತ್ತ, ಬಟ್ಟೆ ಹಿಂಡುತ್ತ ಒಂದೊಂದೇ ಪದ್ಯ ಹೇಳುತ್ತಿದ್ದಳು. ಪಕ್ಕದಲ್ಲಿ ಕೂತ ನಾನು ಒಂದೊಂದು ಪದ್ಯಕ್ಕೂ ಹೂಂ ಅನ್ನಬೇಕು. ಬೇಗ ಅಂದರೆ ತಲೆಗೆ ಮೊಟಕುತ್ತಿದ್ದಳು. "ಕೇಳಿದ್ದು ಒಳಕ್ಕೆ ಹೋಗಿ ಕೂತ್ಕೊಂಡ ಮೇಲೆ ಹೂಂ ತಾನಾಗಿ ಬರತ್ತೆ ಕಣೋ. ಅದಕ್ಕೆ ಮುಂಚೆ ಅಂದ್ರೆ ಬರೀ ಉಸಿರು." ನಾನು ತಡಮಾಡಿದರೆ ಮಾತ್ರ ಸುಮ್ಮನೆ ಕಾಯುತ್ತಿದ್ದಳು. ಹೂಂ ಬರುವವರೆಗೆ ಮುಂದಿನ ಪದ್ಯಕ್ಕೆ ಹೋಗಬಾರದು ಎಂಬುದು ಅವಳ ನಿಯಮ. ಒಲೆಯ ಮೇಲಿನ ರೊಟ್ಟಿ ಸೀದರೂ ಕಾಯುತ್ತಿದ್ದಳು.

ಅವಳು ಮದುವೆಯಾಗಲಿಲ್ಲ. ನಾನೂ ಆಗಲಿಲ್ಲ. ಒಂದೇ ಮನೆಯಲ್ಲಿ ಅರವತ್ತು ವರ್ಷ ಕಳೆದೆವು. ಆ ವರ್ಷ ಮಾಗಿಯಲ್ಲಿ ಅಕ್ಕ ಹಾಸಿಗೆ ಹಿಡಿದಳು. ಬೆನ್ನಿನ ಒಳಗೆ ಏನೋ ಬೆಳೆದಿತ್ತು. ಡಾಕ್ಟರು ನನ್ನನ್ನು ಜಗಲಿಗೆ ಕರೆದು, ಚಪ್ಪಲಿ ಹಾಕಿಕೊಳ್ಳುತ್ತ, "ಈ ವರ್ಷ ದಾಟೋದಿಲ್ಲ, ವಾಮನಯ್ಯ" ಅಂದರು. ನಮ್ಮ ಕಡೆಯ ಡಾಕ್ಟರುಗಳು ಅಂಥ ಮಾತನ್ನು ಸುಮ್ಮನೆ ಆಡುವುದಿಲ್ಲ. ಆಡಿದ ಮೇಲೆ ಅವರೂ ನನ್ನ ಮುಖ ನೋಡಿದರು, ನಾನೂ ಅವರ ಮುಖ ನೋಡಿದೆ. ವರ್ಷ ದಾಟಿಸುವವನು ಯಾರು ಎಂಬುದು ಇಬ್ಬರಿಗೂ ಗೊತ್ತಿತ್ತು. ಅವರು ಛತ್ರಿ ತೆಗೆದುಕೊಂಡು ಹೋದರು.

ನಾಡಿಗೆ ಅದು ತುಂಬಿದ ವರ್ಷವಾಗಿತ್ತು. ಆಡಳಿತ ಎರಡು ಸಲ ಬದಲಾಗಿತ್ತು. ಕಬಡ್ಡಿಯಲ್ಲಿ ನೆರೆನಾಡನ್ನು ಹತ್ತೊಂಬತ್ತು ವರ್ಷಗಳ ಮೇಲೆ ಸೋಲಿಸಿದ್ದರು. ಆ ದಿನ ನಮ್ಮ ಊರಿನ ಹಜಾಮ ಬಂದವರಿಗೆಲ್ಲ ಅರ್ಧ ಕ್ಷೌರ ಮಾಡಿ ರೇಡಿಯೋ ಹತ್ತಿರ ಓಡಿಹೋಗಿದ್ದ. ಮುಪ್ಪಿನ ನಟಿಯೊಬ್ಬರು ರಾಣಿಯ ವೇಷದಲ್ಲೇ, ಬಣ್ಣದ ಮನೆಯ ಕುರ್ಚಿಯಲ್ಲೇ ತೀರಿಕೊಂಡಿದ್ದರು. ರೇಡಿಯೋದವರು ಬೆಳಗಿನ ರಾಗ ಬದಲಿಸಿ, ಜನ ಬೈದ ಮೇಲೆ ಹಳೆಯದನ್ನೇ ಹಾಕಿದ್ದರು. ಎಲ್ಲಕ್ಕಿಂತ ದೊಡ್ಡದು ಹೊಳೆಗೆ ಕಟ್ಟಿದ ರೈಲು ಸೇತುವೆ. ಮಂತ್ರಿಗಳು ಪಡುವಣ ದಡದಲ್ಲಿ ರಿಬ್ಬನ್ ಕತ್ತರಿಸಿದರು. ಮೂಡಣ ದಡದಲ್ಲಿ ಬೆಳಗಿನಿಂದ ಕಾಯುತ್ತಿದ್ದ ಜನ, ಇಲ್ಲೂ ಕತ್ತರಿಸದೆ ರೈಲು ಬಿಡುವುದಿಲ್ಲವೆಂದು ಹಳಿಯ ಮೇಲೆ ಕೂತರು. ಕೊನೆಗೆ ಮಂತ್ರಿಗಳು ದೋಣಿಯಲ್ಲಿ ದಾಟಿ ಬಂದು ಇನ್ನೊಂದು ರಿಬ್ಬನ್ ಕತ್ತರಿಸಿದರು. ಸೇತುವೆಯ ಮೇಲೆ ನಡೆದು ಬರಬಹುದಿತ್ತಲ್ಲ ಎಂದು ಆಮೇಲೆ ಎಲ್ಲರಿಗೂ ಹೊಳೆಯಿತು.

ಮೇಷ್ಟ್ರು ಇದನ್ನೆಲ್ಲ ಅರವತ್ತು ಪದ್ಯಗಳಲ್ಲಿ ಇಳಿಸಿದ್ದರು. ಕೊನೆಯ ದಿನ ಅವರು ಓದಿದ ಓದು ಇನ್ನೂ ನನ್ನ ಕಿವಿಯಲ್ಲಿದೆ. ನಟಿಯ ಸಾವನ್ನು ಮುಖಾರಿ ರಾಗದಲ್ಲಿ ಓದಿದಾಗ ಬಾಳೆಹಣ್ಣು ಮಾರುವವಳು ಬುಟ್ಟಿ ಕೆಳಗಿಟ್ಟಳು. ಸೇತುವೆಯ ಪದ್ಯಕ್ಕೆ ಜನ ನಕ್ಕರು, ನಗುತ್ತ ನಗುತ್ತ ಸುಮ್ಮನಾದರು. ಕೊನೆಯ ಪದ್ಯ ಬಂತು. ವರ್ಷದ ಹೆಸರು 'ಎರಡು ದಡ'. ಮೇಷ್ಟ್ರು ಪುಸ್ತಕ ಮುಚ್ಚಿ ನನ್ನ ಕಡೆ ನೋಡಿದರು. ಹೂಂ ಹೊಟ್ಟೆಯಿಂದ ಎದ್ದು ಗಂಟಲಿಗೆ ಬಂದಿತ್ತು. ಈ ಕೆಲಸದ ಇಪ್ಪತ್ತೆರಡು ವರ್ಷಗಳಲ್ಲಿ ಅಷ್ಟು ತುಂಬಿಕೊಂಡು ಬಂದಿದ್ದು ಅದೇ ಮೊದಲು. ನಾನು ಪಕ್ಕದಲ್ಲಿದ್ದ ಚೊಂಬು ಎತ್ತಿ ನೀರು ಕುಡಿದೆ. ನೀರಿನ ಜೊತೆ ಹೂಂ ಕೆಳಗಿಳಿಯಿತು. ಮನೆಯಲ್ಲಿ ಅಕ್ಕ ಉಸಿರಾಡುತ್ತಿದ್ದಳು.

"ಪರವಾಗಿಲ್ಲ ವಾಮನಯ್ಯ" ಅಂದರು ಮೇಷ್ಟ್ರು. "ಎಲ್ಲೋ ಒಂದೆಳೆ ಬಿಟ್ಟುಹೋಗಿದೆ. ನಾಳೆ ಸರಿಮಾಡ್ತೀನಿ."

ಹೀಗೆ ಶುರುವಾಯಿತು. ಬಂದ ಹೂಂ ಅನ್ನು ನಾನು ನುಂಗಬಹುದು ಎಂದು ಊರಿನಲ್ಲಿ ಯಾರಿಗೂ ತೋಚುವಂತಿರಲಿಲ್ಲ. ಹೂಂ ಬರಲಿಲ್ಲವೆಂದರೆ ಪದ್ಯದಲ್ಲಿ ಏನೋ ಬಿಟ್ಟುಹೋಗಿದೆ ಎಂದೇ ಅರ್ಥ. ಏನು ಬಿಟ್ಟುಹೋಗಿದೆ ಎಂಬುದಕ್ಕೆ ಮಾತ್ರ ಒಬ್ಬೊಬ್ಬರದು ಒಂದೊಂದು ಊಹೆ, ಮತ್ತು ಎಲ್ಲರ ಊಹೆಯೂ ಅವರವರ ಮನೆಯ ಹತ್ತಿರವೇ ಇರುತ್ತಿತ್ತು. ನೇಕಾರರ ಕೇರಿಯವರು ನಾಡಿನ ಬಾವುಟದ ಹಸಿರು ಬದಲಾದದ್ದನ್ನು ಸೇರಿಸಿ ಎಂದರು. ಚದುರಂಗದ ಸಂಘದವರು ತಮ್ಮ ಬೆಳ್ಳಿಹಬ್ಬ ಎಂದರು. ಪೋಸ್ಟ್‌ಮಾಸ್ಟರು ತಮ್ಮ ನಿವೃತ್ತಿ ಎಂದರು. ಅವರಿಗೆ ಕೊನೆಯ ದಿನ ಹಾರ ಹಾಕಿ, ಗೋಡೆಗಡಿಯಾರ ಕೊಟ್ಟು ಬೀಳ್ಕೊಟ್ಟಿದ್ದರು. ವರ್ಷ ಮುಗಿಯದ್ದರಿಂದ ಪಾಪ ಅವರು ಮರುದಿನವೂ ಆಫೀಸಿಗೆ ಬಂದು, ಬೇರೆ ಕುರ್ಚಿ ಹಾಕಿಕೊಂಡು, ಅದೇ ಗಡಿಯಾರವನ್ನು ಎದುರಿಗಿಟ್ಟುಕೊಂಡು ಕೂರುತ್ತಿದ್ದರು. ಮೇಷ್ಟ್ರು ಎಲ್ಲವನ್ನೂ ಸೇರಿಸಿದರು. ಅರವತ್ತು ಪದ್ಯ ನೂರಾಯಿತು, ನೂರು ಇನ್ನೂರಾಯಿತು. ಮಿಗಿಲು ದಿನಗಳಲ್ಲಿ ನಡೆದದ್ದೂ ಅದೇ ವರ್ಷಕ್ಕೆ ಸೇರಬೇಕಲ್ಲ. ಓದು ಮಧ್ಯಾಹ್ನ ಶುರುವಾದರೆ ದೀಪ ಹಚ್ಚುವ ಹೊತ್ತಿಗೆ ಮುಗಿಯುತ್ತಿತ್ತು. ನಾನು ದಿನವೂ ಚೊಂಬು ಎತ್ತುತ್ತಿದ್ದೆ. ಆಮೇಲಾಮೇಲೆ ಎತ್ತುವ ಅಗತ್ಯವೂ ಬೀಳಲಿಲ್ಲ. ತೇಪೆ ಹಚ್ಚಿದ ಆ ಪದ್ಯಕ್ಕೆ ಹೂಂ ನಿಜವಾಗಿಯೂ ಬರುತ್ತಿರಲಿಲ್ಲ.

ಜನ ಹೊಂದಿಕೊಂಡರು. ಕ್ಯಾಲೆಂಡರಿನ ಖಾಲಿ ಹಾಳೆಗಳು ಮುಗಿದ ಮೇಲೆ ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆದರು. ಬೇವು ಹೂ ಬಿಡಲಿಲ್ಲ, ಕೋಗಿಲೆ ಕೂಗಲಿಲ್ಲ. ಅವಕ್ಕೂ ಹೊಸ ವರ್ಷವೇ ಬರಬೇಕು. ಮದುವೆಗಳು ಮುಂದಕ್ಕೆ ಹೋದವು. ಹೊಸ ವರ್ಷದ ಮೊದಲ ಬೆಳಿಗ್ಗೆ ನಮ್ಮ ಊರನ್ನು ಮೂರು ಸುತ್ತು ಹಾಕುವ ಓಟವಿರುತ್ತದೆ. ಅದಕ್ಕೆಂದು ನಾಡಿನ ಎಲ್ಲ ಕಡೆಯಿಂದ ಬಂದಿದ್ದ ಓಟಗಾರರು ಮನೆಮನೆಗಳಲ್ಲಿ ಉಳಿದು, ದಿನಕ್ಕೊಂದು ಮನೆಯ ಒಬ್ಬಟ್ಟು ತಿಂದು ದಪ್ಪಗಾಗುತ್ತಿದ್ದರು.

ಓಟಗಾರರಲ್ಲಿ ಒಬ್ಬಳು ಮಾತ್ರ ನಮ್ಮ ಊರಿನವಳು, ನಮ್ಮ ಎದುರುಮನೆಯ ಕಸ್ತೂರಿ. ಹಿಂದಿನ ಓಟದಲ್ಲಿ ಗಡಿಯಾರ ಹಿಡಿದವನು ಟೀ ಲೋಟ ತೆಗೆದುಕೊಳ್ಳಲು ಕೈ ಬದಲಿಸಿದನೆಂದು, ಅದರಿಂದ ತನಗೆ ಎರಡನೆಯ ಸ್ಥಾನ ಬಂತೆಂದು, ಅವನ ಮೇಲೆ ಚಪ್ಪಲಿ ಎಸೆದಿದ್ದಳು. ಆ ವರ್ಷ ಮುಗಿಯುವವರೆಗೆ ಎಲ್ಲೂ ಓಡಕೂಡದು ಎಂದು ಆಟದ ಮಂಡಳಿಯವರು ತೀರ್ಮಾನ ಮಾಡಿದ್ದರು. ಇಪ್ಪತ್ತೇಳು ತುಂಬಿತ್ತು ಅವಳಿಗೆ. ಇನ್ನು ಒಂದೋ ಎರಡೋ ಓಟ, ಅಷ್ಟೇ. ದಿನವೂ ಬೆಳಿಗ್ಗೆ ಒಬ್ಬಳೇ ಓಡಿ, ಬೆವರೊರೆಸಿಕೊಂಡು ನಮ್ಮ ಮನೆಗೆ ಬಂದು ಅಕ್ಕನನ್ನು ಹಾಸಿಗೆಯಲ್ಲಿ ಹೊರಳಿಸುತ್ತಿದ್ದಳು. ನನ್ನ ತೋಳಿಗೆ ಆ ಶಕ್ತಿ ಇರಲಿಲ್ಲ.

ಮೂವತ್ತನೆಯ ಮಿಗಿಲಿನ ದಿನ ಹೊಸ್ತಿಲಲ್ಲಿ ನಿಂತು ಕೇಳಿದಳು. "ಮಾವ, ಒಂದು ಮಾತು ಕೇಳ್ಲಾ? ಪದ್ಯದಲ್ಲಿ ನನ್ನ ಚಪ್ಪಲಿ ವಿಷಯ ಸೇರಿಸಿಲ್ಲ ಅಂತಲಾ ನಿಮಗೆ ಹೂಂ ಬರ್ತಿಲ್ಲ?"

"ಅಲ್ಲಮ್ಮ."

"ನಾಚಿಕೆಗೇಡಿನ ವಿಷಯ ಅಂತ ಬಿಟ್ಟಿದ್ರೆ, ನಂಗೇನೂ ಬೇಜಾರಿಲ್ಲ. ಸೇರಿಸೋಕೆ ಹೇಳಿ. ಯಾವ ಕಾಲಿನ ಚಪ್ಪಲಿ ಅಂತಾನೂ ಬರೀಲಿ. ಒಟ್ಟು ವರ್ಷ ಮುಗೀಲಿ."

ನಾನು ಒಳಕ್ಕೆ ತಿರುಗಿದೆ. ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ನಿದ್ದೆ ಬಂದಿದೆ ಎಂದುಕೊಂಡಿದ್ದೆ.

ಅಕ್ಕನ ಸ್ಥಿತಿಯನ್ನು ನಾನು ಇಲ್ಲಿ ಮುಚ್ಚಿಡಬಾರದು. ವರ್ಷ ನಿಂತಲ್ಲೇ ಅವಳ ಕಾಯಿಲೆಯೂ ನಿಂತಿತ್ತು. ಹೆಚ್ಚಾಗಲಿಲ್ಲ, ಕಡಿಮೆಯೂ ಆಗಲಿಲ್ಲ. ಬೆನ್ನಿನ ನೋವು ಬೆಳಿಗ್ಗೆ ಎದ್ದು ಹಿಂದಿನ ದಿನ ಬಿಟ್ಟ ಕಡೆಯಿಂದಲೇ ಶುರುವಾಗುತ್ತಿತ್ತು. ಅವಳು ನರಳುವವಳಲ್ಲ. ತುಟಿ ಕಚ್ಚಿಕೊಂಡು, ನೋವು ಒಂದು ಅಲೆ ಇಳಿದ ಮೇಲೆ, ಏನಾದರೂ ತಮಾಷೆ ಮಾಡುತ್ತಿದ್ದಳು. ದೇವರ ಮುಂದೆ ಕೂತಾಗ ನಾನು ಅವಳ ಆಯುಷ್ಯ ಬೇಡುತ್ತಿದ್ದೆ, ಅವಳ ನೋವನ್ನು ಕಳೆ ಎಂದೂ ಬೇಡುತ್ತಿದ್ದೆ. ಎರಡನೆಯದನ್ನು ಬೇಡುವಾಗ ನಾಲಗೆ ತೊದಲುತ್ತಿತ್ತು. ಅದು ನನ್ನ ಕೈಯಲ್ಲೇ ಇತ್ತಲ್ಲ.

ನಲವತ್ತನೆಯ ಮಿಗಿಲಿನ ಸಂಜೆ ಚಾವಡಿಯಿಂದ ಬಂದು ಗಂಜಿ ಕುಡಿಸುತ್ತಿದ್ದೆ. ಅಕ್ಕ ಚಮಚವನ್ನು ಕೈಯಿಂದ ತಡೆದಳು.

"ವಾಮನ, ಮೊದಲ ದಿನದ ಪದ್ಯ ಹೆಂಗಿತ್ತೋ?"

"ಇತ್ತು."

"ಇತ್ತು ಅಂದ್ರೆ? ಕಸ್ತೂರಿ ಹೇಳಿದ್ಲು, ಬಾಳೆಹಣ್ಣಿನವಳು ಅತ್ತಳಂತೆ. ಆ ಹೆಂಗಸು ಗಂಡ ಸತ್ತಾಗ ಅತ್ತಿರ್ಲಿಲ್ಲ."

ನಾನು ಗಂಜಿ ಕಲಕಿದೆ.

"ನಿನ್ನ ಗಂಟಲು ನಂಗೊತ್ತಿಲ್ವೇನೋ? ನೀನು ಹೂಂ ಬಚ್ಚಿಟ್ಟುಕೊಂಡಾಗೆಲ್ಲ ಈ ಎಡಗಡೆ ಉಬ್ಬಿರತ್ತೆ. ಏಳು ವರ್ಷದವನಿದ್ದಾಗ ಜಾಸ್ತಿ ಪದ್ಯ ಹೇಳಿಸ್ಕೊಳ್ಳೋಕೆ ಹಿಂಗೇ ಮಾಡ್ತಿದ್ದೆ. ರೊಟ್ಟಿ ಎಷ್ಟು ಸೀಯ್ತು ಆಗ." ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡಳು. "ಡಾಕ್ಟರು ಜಗಲೀಲಿ ಹೇಳಿದ್ದು ನಂಗೂ ಕೇಳಿಸ್ತು ಕಣೋ. ಬೆನ್ನು ಹೋಗಿದೆ, ಕಿವಿ ಹೋಗಿಲ್ಲ."

"ಅಕ್ಕ, ಇನ್ನೊಂದಷ್ಟು ದಿನ."

"ಯಾರಿಗೆ?"

ಬಟ್ಟಲು ಕೆಳಗಿಟ್ಟೆ.

"ಆ ಹುಡುಗಿ ದಿನಾ ಬಂದು ನನ್ನ ಹೊರಳಿಸ್ತಾಳೆ" ಅಂದಳು ಅಕ್ಕ. "ಓಡಬೇಕು ಅನ್ನೋ ಕೈಕಾಲು ಅವು. ಬೇಜಾರು ಅಂತ ಒಂದು ದಿನ ಬಾಯಿ ಬಿಟ್ಟಿಲ್ಲ. ಮೇಷ್ಟ್ರು ಊಟ ಬಿಟ್ಟಿದಾರಂತೆ. ನಾಳೆ ಅವರನ್ನ ಇಲ್ಲಿಗೆ ಕರ್ಕೊಂಡ್ಬಾ. ನನ್ನ ಮುಂದೆ ಓದ್ಲಿ. ಮೊದಲ ದಿನದ್ದು, ಆ ಅರವತ್ತು ಮಾತ್ರ."

ಮರುದಿನ ಮಧ್ಯಾಹ್ನ ಮೇಷ್ಟ್ರು ಬಂದರು. ನಲವತ್ತು ದಿನಗಳಲ್ಲಿ ಅವರ ಕತ್ತು ತೆಳ್ಳಗಾಗಿ ಕೋಟಿನ ಕಾಲರ್ ಅಗಲವಾಗಿ ಕಾಣುತ್ತಿತ್ತು. ಹಿಂದೆ ಕಸ್ತೂರಿ ಬಂದು ಬಾಗಿಲಲ್ಲಿ ಕೂತಳು. ಪದ್ಯ ಎಲ್ಲಿ ಓದಿದರೂ ಆದೀತು, ಕೇಳುವವನು ಎದುರಿಗಿದ್ದರೆ ಸಾಕು. ಮೇಷ್ಟ್ರು ಪುಸ್ತಕ ಬಿಚ್ಚಿ ಗಲಿಬಿಲಿಗೊಂಡರು. ಮೊದಲಿನ ಅರವತ್ತರ ಮೇಲೆ ಗೀಚಿ, ನಡುವೆ ಚೀಟಿ ಅಂಟಿಸಿ, ಅಂಚಿನಲ್ಲಿ ತುಂಬಿ, ಯಾವುದು ಮೊದಲಿನದು ಯಾವುದು ಆಮೇಲಿನದು ಅವರಿಗೇ ತಿಳಿಯದಾಗಿತ್ತು.

"ಚಂಪಕ್ಕ, ನೆನಪಿದ್ದಷ್ಟು ಹೇಳ್ತೀನಿ" ಎಂದು ಕಣ್ಣು ಮುಚ್ಚಿ ಶುರುಮಾಡಿದರು.

ಕಬಡ್ಡಿಯ ಪದ್ಯ ಸರಾಗವಾಗಿ ಹೋಯಿತು. ಅಕ್ಕ ಒಂದೊಂದಕ್ಕೂ ಬೆರಳಿನಿಂದ ಹೊದಿಕೆಯ ಮೇಲೆ ತಾಳ ಹಾಕುತ್ತಿದ್ದಳು. ನಟಿಯ ಸಾವಿನಲ್ಲಿ ಮೇಷ್ಟ್ರು ತಡವರಿಸಿದರು, ಮತ್ತೆ ದಾರಿ ಹಿಡಿದರು. ಕೊನೆಯ ಪದ್ಯಕ್ಕೆ ಬಂದಾಗ ದನಿ ಇಳಿದಿತ್ತು. "ಎರಡು ದಡದಲಿ ನಿಂತ ಜನರಿಗೆ" ಎಂದು ಹಾಡಿ ನಿಂತುಬಿಟ್ಟರು. ಮತ್ತೆ ಹಾಡಿದರು. ಮುಂದಿನ ಸಾಲು ಸಿಕ್ಕಲಿಲ್ಲ. ಹಣೆ ಉಜ್ಜಿಕೊಂಡರು.

"ಬರುವ ಬಂಡಿಯ ಕೂಗು ಕೇಳಿಸೆ" ಎಂದಿತು ನನ್ನ ಬಾಯಿ.

ನನ್ನನ್ನು ಕೇಳದೆಯೇ ಎಂದಿತು. ತುಂಡಾದ ಪದ್ಯವನ್ನು ಹಾಗೆ ಬಿಡಲು ಬಾರದಂತೆ ಬೆಳೆದವನು ನಾನು. ಮೇಷ್ಟ್ರು ಕಣ್ಣು ತೆರೆದರು. ನನ್ನ ಕಡೆ ತಿರುಗಿದರು.

"ಒಂದೇ ಸಲ ಓದಿದ್ದು ನಾನು ಅದನ್ನ" ಅಂದರು ನಿಧಾನವಾಗಿ. "ಎರಡನೇ ದಿನಕ್ಕೆ ಆ ಸಾಲು ಬದಲಾಯಿಸಿಬಿಟ್ಟೆ. ಒಂದೇ ಸಲ ಕೇಳಿದ್ದು ನಿಮಗೆ ಬಾಯಿಗೆ ಬಂದಿದೆ. ಅವತ್ತೇ ಹೂಂ ಬಂದಿತ್ತು. ಅಲ್ವಾ ವಾಮನಯ್ಯ?"

"ಬಂದಿತ್ತು."

ಬಾಗಿಲಲ್ಲಿ ಕಸ್ತೂರಿ ಎದ್ದು ನಿಂತಳು. ಅಕ್ಕನ ಕಡೆ ನೋಡಿದಳು, ನನ್ನ ಕಡೆ ನೋಡಿದಳು, ಅವಳಿಗೆ ಎಲ್ಲವೂ ತಿಳಿಯಿತು. ಮತ್ತೆ ಕೂತುಕೊಂಡಳು.

"ನಲವತ್ತು ದಿನ" ಅಂದರು ಮೇಷ್ಟ್ರು, "ನನ್ನ ಕೈಯಿಂದ ಇನ್ನು ಪದ್ಯ ಆಗಲ್ಲ ಅಂದ್ಕೊಂಡಿದ್ದೆ. ನಮ್ಮನೆಯವಳಿಗೆ ಹೇಳ್ದೆ, ನಂದು ಮುಗೀತು ಕಣೆ ಅಂತ."

ನಾನು ಎದ್ದು ಹೋಗಿ ಅವರ ಕಾಲು ಹಿಡಿದೆ. ಅವರು ನನಗಿಂತ ಎರಡು ವರ್ಷ ಚಿಕ್ಕವರು. ಗಾಬರಿಯಿಂದ ಕಾಲು ಎಳೆದುಕೊಂಡು, "ಏಳಿ, ಏಳಿ, ಇದೇನಿದು" ಅಂದರು. ಆಮೇಲೆ ನನ್ನ ಭುಜದ ಮೇಲೆ ಕೈಯಿಟ್ಟು, "ನಮ್ಮಕ್ಕನಿಗೆ ಹೀಗಾಗಿದ್ರೆ ನಾನು ಪದ್ಯಾನೇ ಕಟ್ತಿರ್ಲಿಲ್ಲ" ಅಂದರು.

"ಅಳೋದು ಆಮೇಲೆ" ಅಂದಳು ಅಕ್ಕ. "ಮೇಷ್ಟ್ರೇ, ಪದ್ಯ ಅರ್ಧಕ್ಕೆ ನಿಂತಿದೆ."

ಮೇಷ್ಟ್ರು ಮೂಗು ಒರೆಸಿಕೊಂಡು ಮೊದಲಿನಿಂದ ಎತ್ತಿದರು. "ಎರಡು ದಡದಲಿ ನಿಂತ ಜನರಿಗೆ, ಬರುವ ಬಂಡಿಯ ಕೂಗು ಕೇಳಿಸೆ, ಎರಡು ದಡಗಳ ವರುಷವೆಂದೇ ಇರಲಿ ಹೆಸರೆಂದ." ಕೊನೆಯ ಅಕ್ಷರವನ್ನು ಎಳೆದು, ಇಳಿಸಿ, ಬಿಟ್ಟರು. ನಾನು ಅಕ್ಕನ ಮುಖ ನೋಡಿದೆ. ಅವಳು ರೊಟ್ಟಿ ಹೆಂಚಿನ ಮೇಲಿದ್ದರೂ ಕಾಯುತ್ತಿದ್ದಳಲ್ಲ, ಹಾಗೆ ಕಾಯುತ್ತಿದ್ದಳು. ಚೊಂಬು ಕೈಗೆ ಎಟುಕುವಷ್ಟು ಹತ್ತಿರದಲ್ಲೇ ಇತ್ತು. ಕೈ ಅದರ ಕಡೆ ಹೋಗಲಿಲ್ಲ.

"ಹೂಂ" ಅಂದೆ.

ಸ್ವಲ್ಪ ಹೊತ್ತಿಗೆ ಹಿತ್ತಿಲಿನ ಬೇವಿನಲ್ಲಿ ಕೋಗಿಲೆ ಒಂದು ಸಲ ಕೂಗಿ, ತಪ್ಪಾಯಿತೇನೋ ಎಂಬಂತೆ ನಿಲ್ಲಿಸಿ, ಮತ್ತೆ ಕೂಗಿತು. ಬೀದಿಯಲ್ಲಿ ಯಾರೋ ಬಾಗಿಲು ತೆರೆದರು. ಕಸ್ತೂರಿ ಅಕ್ಕನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡು ಓಡಿದಳು. "ಚಪ್ಪಲಿ ಗಟ್ಟಿ ಕಟ್ಕೊಳೇ" ಎಂದು ಅಕ್ಕ ಹಿಂದಿನಿಂದ ಹೇಳಿದಳು.

ಆ ರಾತ್ರಿ ನಾನು ಮಂಚದ ಪಕ್ಕ ಕೂತೇ ಇದ್ದೆ. ಬೆಳಗಾಯಿತು. ಅಕ್ಕ ಕಣ್ಣು ಬಿಟ್ಟಳು. ಕಿಟಕಿಯ ಬೆಳಕು ನೋಡಿದಳು. ಗೋಡೆಯ ಮೇಲೆ ನಾನು ಹೊಸದಾಗಿ ನೇತುಹಾಕಿದ್ದ ಕ್ಯಾಲೆಂಡರ್ ನೋಡಿದಳು.

"ದಾಟಿದೆ ನೋಡು" ಅಂದಳು. "ಡಾಕ್ಟರಿಗೆ ಹೇಳು."

ದನಿ ತೀರ ತೆಳುವಾಗಿತ್ತು. ಮುಖದಲ್ಲಿ ನೋವಿನ ಗೆರೆ ಇರಲಿಲ್ಲ. ಹೊರಗೆ ಡೋಲು ಹೊಡೆದರು. ಓಟ ಶುರುವಾಗುವ ಹೊತ್ತು. ಓಟದ ದಾರಿ ನಮ್ಮ ಕಿಟಕಿಯ ಕೆಳಗೇ ಹಾದುಹೋಗುತ್ತದೆ. ಅಕ್ಕನಿಗೆ ಏಳಲು ಆಗುತ್ತಿರಲಿಲ್ಲ. "ನೀನು ನೋಡಿ ಹೇಳು" ಅಂದಳು. "ನಾನು ಹೂಂ ಅಂತೀನಿ."

ನನಗೆ ಹೇಳುವ ಅಭ್ಯಾಸವಿಲ್ಲ. ಕಿಟಕಿಯ ಸರಳು ಹಿಡಿದು ನಿಂತೆ. "ಬಂದ್ರು ಅಕ್ಕ. ಮುಂದೆ ಇಬ್ಬರು ಪಡುವಣ ಸೀಮೆಯವರು, ಹೊಟ್ಟೆ ಬಂದಿದೆ ಪಾಪ, ನಮ್ಮೂರಿನ ಒಬ್ಬಟ್ಟು."

"ಹೂಂ." ಅದರೊಳಗೆ ನಗು ಇತ್ತು.

"ಕಸ್ತೂರಿ ಏಳನೆಯವಳು. ತಲೆ ಎತ್ತಿ ಓಡ್ತಿದಾಳೆ. ಕಿಟಕಿ ಕಡೆ ನೋಡಿದ್ಲು."

"ಹೂಂ."

ಎರಡನೆಯ ಸುತ್ತಿಗೆ ಅವಳು ನಾಲ್ಕನೆಯವಳಾಗಿದ್ದಳು. ಗಡಿಯಾರ ಹಿಡಿದವನು ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡು ನಿಂತಿದ್ದಾನೆ, ಟೀ ಲೋಟ ಹತ್ತಿರ ಎಲ್ಲೂ ಇಲ್ಲ ಎಂದು ಹೇಳಿದೆ. ಪೋಸ್ಟ್‌ಮಾಸ್ಟರು ಪಂಚೆ ಉಟ್ಟು, ಆಫೀಸಿಲ್ಲದ ಮನುಷ್ಯನ ಹಾಗೆ ಬೀದಿಯಲ್ಲಿ ಕಡಲೆ ತಿನ್ನುತ್ತಿದ್ದಾರೆ ಎಂದೆ. ಮೇಷ್ಟ್ರು ಹೆಂಡತಿಯ ಜೊತೆ ಕಟ್ಟೆಯ ಮೇಲೆ ಕೂತಿದ್ದಾರೆ, ಬಾಯಿ ಆಡುತ್ತಿದೆ, ತಿನ್ನುತ್ತಿದ್ದಾರೋ ಹೊಸ ಪದ್ಯ ಕಟ್ಟುತ್ತಿದ್ದಾರೋ ತಿಳಿಯದು ಎಂದೆ. ನನ್ನ ಬಾಯಿಯಿಂದ ಮಾತು ಅಷ್ಟು ಬಂದದ್ದು ನನಗೇ ಆಶ್ಚರ್ಯ. ಒಂದೊಂದು ಮಾತಿಗೂ ಅಕ್ಕ ತಡೆದು, ಒಳಕ್ಕೆ ಇಳಿಸಿಕೊಂಡು, ಹೂಂ ಅನ್ನುತ್ತಿದ್ದಳು. ಬೇಗ ಒಂದನ್ನೂ ಅನ್ನಲಿಲ್ಲ.

ಮೂರನೆಯ ಸುತ್ತಿಗೆ ಜನ ಕೂಗುತ್ತಿದ್ದರು. ಮೂಲೆಯಲ್ಲಿ ಧೂಳು ಎದ್ದಿತು. "ಬಂದ್ಲು ಅಕ್ಕ. ಮುಂದೆ ಒಬ್ಬಳೇ ಇದಾಳೆ, ಪಡುವಣದವಳು. ಇವಳು ಹಿಂದೇ ಇದಾಳೆ. ಭುಜಕ್ಕೆ ಭುಜ. ಈಗ ನಮ್ಮ ಕಿಟಕಿ ಕೆಳಗೆ. ದಾಟಿದ್ಲು ಅಕ್ಕ, ಅವಳನ್ನ ದಾಟಿದ್ಲು."

ನಾನು ಕಿಟಕಿಯಿಂದ ತಿರುಗಲಿಲ್ಲ. ಬೀದಿಯ ಗದ್ದಲ ದೂರ ಹೋಯಿತು. ಓಟ ಮುಗಿಯುವ ಗೆರೆಯ ಹತ್ತಿರ ಡೋಲಿಗೆ ಪೆಟ್ಟು ಬಿತ್ತು. ಹೇಳುವುದು ಇನ್ನೂ ಇತ್ತು, ಅವಳು ಮೊದಲು ಮುಟ್ಟಿದಳೆಂಬುದು, ಗಡಿಯಾರದವನ ಕೈ ಕುಲುಕಿದಳೆಂಬುದು. ಕಿಟಕಿಯ ಸರಳು ಹಿಡಿದುಕೊಂಡೇ ನಿಂತೆ. ಹೂಂ ಬರುವವರೆಗೆ ಮುಂದಿನದಕ್ಕೆ ಹೋಗಬಾರದು ಎಂದು ಅಕ್ಕ ಕಲಿಸಿದ್ದಳು. ನಾನು ಕಾದೆ.